ಎದೆಯ ಮಟ್ಟಕ್ಕೆ ನಿಲ್ಲಿಸಿದ ಕೈ

ನಮ್ಮ ಬಚ್ಚಲುಮನೆಯಲ್ಲಿ ಟವೆಲ್ ಹಾಕುವ ಮೊಳೆ ನೆಲದಿಂದ ಐದು ಅಡಿ ಎರಡು ಅಂಗುಲ ಎತ್ತರದಲ್ಲಿದೆ. ಟೇಪು ಹಿಡಿದು ಅಳೆದಿದ್ದೇನೆ. ಅದರ ಕೆಳಗೆ ಗೋಡೆಯ ಮೇಲೆ ಪೆನ್ಸಿಲಿನ ಗೀಟುಗಳಿವೆ. ಮೊದಲನೆಯದು ಸೊಂಟದಿಂದ ಸ್ವಲ್ಪ ಮೇಲೆ, ಕಡೆಯದು ಮೊಳೆಗಿಂತ ಮೂರು ಅಂಗುಲ ಕೆಳಗೆ. ನನ್ನ ಬಲಗೈಯ ಬೆರಳುಗಳು ಗೋಡೆಯನ್ನು ಹಿಡಿದು ಹತ್ತು ತಿಂಗಳಲ್ಲಿ ಹತ್ತಿದ್ದು ಅಷ್ಟು.

ನಾನು ಮಾಂಬಳ್ಳಿಯವಳು. ಹನೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅಪ್ಪ ತೀರಿಕೊಂಡು ಎಂಟು ವರ್ಷ. ಮನೆಯಲ್ಲಿ ಅವ್ವ, ನಾನು ಇಬ್ಬರೇ. ದಿನಾ ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಹೋಗಿಬರುತ್ತೇನೆ. ಹೋದ ವರ್ಷಕ್ಕೆ ಹಿಂದಿನ ದಸರಾ ರಜೆ ಮುಗಿದು ಕಾಲೇಜು ಶುರುವಾದ ವಾರ, ಬೋರ್ಡಿನ ಮೇಲಿನ ಒಂದೂವರೆ ಅಡಿಯನ್ನು ಖಾಲಿ ಬಿಟ್ಟು ಬರೆಯತೊಡಗಿದೆ. ಬೇಕೆಂದು ಬಿಟ್ಟದ್ದಲ್ಲ. ಸೀಮೆಸುಣ್ಣ ಹಿಡಿದ ಕೈ ಭುಜ ದಾಟುತ್ತಲೇ ಭಾರವಾಗುತ್ತಿತ್ತು.

"ಮೇಡಂ, ಮೇಲೆ ಬರೀರಿ, ಹಿಂದ್ಗಡೆ ಬೆಂಚಿಗೆ ಕಾಣ್ಸಲ್ಲ" ಎಂದು ಒಬ್ಬಳು ಹುಡುಗಿ ಕೇಳಿದಳು.

"ಮುಂದೆ ಬಂದು ಕೂತ್ಕೊ" ಎಂದೆ, ಅಗತ್ಯಕ್ಕಿಂತ ಗಡುಸಾಗಿ.

ಇದನ್ನು ಯಾರಿಗೂ ಹೇಳಲಿಲ್ಲ. ಈ ಬರಹದ ಎಲ್ಲ ತೊಂದರೆಯೂ ಅಲ್ಲಿಂದಲೇ ಶುರುವಾಗುವುದರಿಂದ ಮೊದಲೇ ಬರೆದುಬಿಡುತ್ತೇನೆ: ನನ್ನ ಕೈ ದಸರೆಯಲ್ಲೇ ಸೋತಿತ್ತು, ಅದು ನನಗೊಬ್ಬಳಿಗೇ ಗೊತ್ತಿತ್ತು.

ಆಮೇಲೆ ಕುತ್ತಿಗೆ ನೋವು ಬಂತು. ಬೆರಳುಗಳು ಜೋಮು ಹಿಡಿದವು, ಬ್ಲೌಸಿನ ಹುಕ್ಕು ಹಾಕಲು ಹತ್ತು ನಿಮಿಷ ಬೇಕಾಯಿತು. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಒಂದು ದಿನ ಕಂಡಕ್ಟರು ಹಿಂದಿನಿಂದ ಕೂಗಿದರು: "ಮೇಡಮ್ಮೋರೇ, ಒಂದ್ ಚಪ್ಲಿ ಇಲ್ಲೇ ಬುಟ್ ಓಯ್ತಾ ಇದ್ದೀರಲ್ಲ, ನಾಳಿಕ್ ಬಂದು ತಕಂಡು ಓಯ್ತೀರಾ?" ಬಸ್ಸಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಚಪ್ಪಲಿ ಕಳಚಿದ್ದು ಕಾಲಿಗೆ ತಿಳಿದೇ ಇರಲಿಲ್ಲ.

ಅವ್ವನಿಗೆ ಹೇಳಿದ್ದು ಕುತ್ತಿಗೆ ನೋವನ್ನು ಮಾತ್ರ. ಅವ್ವ ಅದನ್ನು ಉಳುಕು ಎಂದಳು. ಉಳುಕು ಎಂದಮೇಲೆ ಅಗರಕ್ಕೆ ಹೋಗಬೇಕು, ದೊಡ್ಡವ್ವನ ಹತ್ತಿರ.

ದೊಡ್ಡವ್ವ ಎಂದರೆ ಅವ್ವನ ಒಡಹುಟ್ಟಿದ ಅಕ್ಕ, ಮಹದೇವಮ್ಮ. ಊರವರಿಗೆ ಮಾದೇವವ್ವ. ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಕಾಲಿನಿಂದ ನೀವಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಸೊಂಟ ಹಿಡಿದವರು, ಮೂಟೆ ಎತ್ತಿ ಬೆನ್ನು ಕಚ್ಚಿಕೊಂಡವರು ಬೆಳಗಾದರೆ ಅವಳ ಜಗುಲಿಯ ಮೇಲಿರುತ್ತಿದ್ದರು. ಅವಳು ಯಾರಿಂದಲೂ ಒಂದು ಬಾಳೆಹಣ್ಣನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಇದ್ದ ನಿಯಮ ಒಂದೇ: ನೀವಿಸಿಕೊಂಡವರು ಮಾತಾಡದೆ, ತಿರುಗಿ ನೋಡದೆ ಎದ್ದುಹೋಗಬೇಕು.

ಸಂಕ್ರಾಂತಿಯ ಮಾರನೆಯ ದಿನ ಹೋದೆವು. ದೊಡ್ಡವ್ವ ಜಗುಲಿಯ ಮೇಲೆ ಕೂತಳು, ನಾನು ಕೆಳಗಿನ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತೆ.

"ತಲ ಬಗ್ಸು" ಎಂದಳು. ಆಮೇಲೆ ಅವಳೇ, "ಓದಿ ಓದಿ ಬಗ್ಗೇ ಅದ, ಇನ್ನೆಷ್ಟ್ ಬಗ್ಸಿಯೇ" ಎಂದು ನಕ್ಕಳು.

ಕಾಲ ಹೆಬ್ಬೆರಳಿಗೆ ಹರಳೆಣ್ಣೆ ಮುಟ್ಟಿಸಿಕೊಂಡು ಕುತ್ತಿಗೆಯಿಂದ ಭುಜದವರೆಗೆ ಮೂರು ಸಲ ಎಳೆದಳು. ಒತ್ತಲಿಲ್ಲ, ತಿರುಗಿಸಲಿಲ್ಲ. ಇರುವೆ ಹರಿದಂತಿತ್ತು, ಅಷ್ಟೇ. ನಾನು ಮಾತಾಡದೆ, ತಿರುಗಿ ನೋಡದೆ ಎದ್ದುಬಂದೆ.

ನೋವು ಹೋಗಲಿಲ್ಲ. ಕಾಲುಗಳು ಬಿಗಿಯತೊಡಗಿದ ಮೇಲೆ ಕೊಳ್ಳೇಗಾಲದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. ಅವರು ಮೈಸೂರಿಗೆ ಕಳಿಸಿದರು. ಸ್ಕ್ಯಾನಿನ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯ ಹಸಿರು ಕುರ್ಚಿಯಲ್ಲಿ ಮೂರು ಗಂಟೆ ಕಾದೆವು. ಅವ್ವ ಎದುರು ಗೋಡೆಯ ಮೇಲಿನ ಬೆನ್ನುಮೂಳೆಯ ಚಿತ್ರವನ್ನು ನೋಡುತ್ತಾ, "ಮೀನಿನ ಮುಳ್ಳಿದ್ದಂಗ ಅದಲ್ಲ ಮಗ" ಎಂದಳು. ನಮ್ಮ ಸರದಿ ಬಂದಾಗ ನಾನು, "ಅವ್ವ, ಒಂದ್ ಟೀ ತಕಂಡು ಬತ್ತೀಯಾ, ಬಾಯಿ ಒಣಗ್ತಾ ಅದ" ಎಂದೆ. ಕ್ಯಾಂಟೀನು ಎರಡು ಮಹಡಿ ಕೆಳಗಿತ್ತು. ನನಗೆ ಟೀ ಬೇಕಿರಲಿಲ್ಲ.

ಡಾಕ್ಟರು ಅವಸರವಿಲ್ಲದೆ ಮಾತಾಡಿದರು. ಬೆನ್ನುಹುರಿ ಇಳಿದು ಬರುವ ದಾರಿ ನನಗೆ ಹುಟ್ಟಿನಿಂದಲೇ ಇಕ್ಕಟ್ಟು. ಈಗ ಡಿಸ್ಕುಗಳೂ ಒತ್ತಿವೆ. ಬಿಟ್ಟರೆ ಕಾಲು ಹೋಗುತ್ತದೆ. ಕುತ್ತಿಗೆಯ ಹಿಂದಿನಿಂದ ನಾಲ್ಕು ಮೂಳೆ ತೆರೆದು ಜಾಗ ಮಾಡಬೇಕು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು:

"ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ ಮೇಡಂ. ಆಪರೇಷನ್ ಚೆನ್ನಾಗೇ ಆಗಿರುತ್ತೆ. ಆದರೂ ಕೆಲವರಿಗೆ ಒಂದೆರಡು ದಿನ ಬಿಟ್ಟು ಭುಜ ಏಳೋದೇ ನಿಂತುಹೋಗುತ್ತೆ. ಜಾಗ ಸಿಕ್ಕಿದ ಮೇಲೆ ಹುರಿ ಸ್ವಲ್ಪ ಹಿಂದಕ್ಕೆ ಸರಿಯುತ್ತೆ, ಭುಜಕ್ಕೆ ಹೋಗೋ ನರ ಗಿಡ್ಡ, ಅದು ಎಳೆದ ಹಾಗಾಗುತ್ತೆ ಅಂತ ನಮ್ಮ ಅಂದಾಜು. ಯಾರಿಗೆ ಆಗುತ್ತೆ ಅಂತ ಖಚಿತವಾಗಿ ಹೇಳೋಕಾಗಲ್ಲ. ಆದರೆ ನರ ಹೊರಗೆ ಬರೋ ಕಿಂಡಿ ಸಣ್ಣದಿರೋರಿಗೆ, ಹೆಚ್ಚು ಮೂಳೆ ತೆರೀಬೇಕಾದೋರಿಗೆ ಸಾಧ್ಯತೆ ಜಾಸ್ತಿ. ಮೊದಲೇ ಭುಜ ಸೋತಿದ್ದರೆ ಇನ್ನೂ ಯೋಚನೆ ಮಾಡ್ತೀವಿ. ನಿಮಗೆ ಮುಂಚಿನಿಂದಲೇ ಕೈ ಎತ್ತೋಕೆ ಏನಾದರೂ ತೊಂದರೆ ಇದೆಯಾ?"

"ದಸರಾದಿಂದ ಇದೆ ಸರ್" ಎಂದೆ. ಜಗತ್ತಿನಲ್ಲಿ ಒಬ್ಬರಿಗೆ ನಿಜ ಹೇಳಿದ್ದೆ, ಅದೂ ಬಾಗಿಲು ಮುಚ್ಚಿದ ಕೋಣೆಯಲ್ಲಿ.

"ಹಾಗಾದರೆ ನಿಮಗೆ ಮೂರೂ ಇದೆ. ಬಹಳ ಜನಕ್ಕೆ ನಿಧಾನವಾಗಿ ವಾಪಸ್ ಬರುತ್ತೆ. ಎಲ್ಲರಿಗೂ ಬರುತ್ತೆ ಅಂತ ಬರೆದುಕೊಡಲ್ಲ. ಮನೆಯವರಿಗೂ ತಿಳಿಸಬೇಕಲ್ಲ?"

"ನಾನೇ ಹೇಳ್ತೀನಿ ಸರ್."

ಅವ್ವ ಎರಡು ಕಾಗದದ ಲೋಟ ಹಿಡಿದು, ಚೆಲ್ಲದಂತೆ ನೋಡಿಕೊಳ್ಳುತ್ತಾ ಬಂದಳು.

"ಏನಂದ್ರು ಮಗ?"

"ಆಪರೇಷನ್ ಮಾಡಿದ್ರ ಸರಿಯೋಯ್ತದಂತ."

"ಅಷ್ಟೇನಾ?"

"ಅಷ್ಟೇ."

ಹೇಳಿದ್ದರೆ ಅವ್ವ ನನ್ನ ಕೈ ಹಿಡಿದು ಊರಿಗೆ ಕರೆದುಕೊಂಡು ಬರುತ್ತಿದ್ದಳು. ಹಾಗೆಂದು ಆಗ ನನಗೆ ನಾನೇ ಹೇಳಿಕೊಂಡೆ. ಒಪ್ಪಿಗೆಯ ಹಾಳೆಗೆ ಸಹಿ ಮಾಡಿದೆ. ಬಲಗೈಯಲ್ಲೇ.

ಆಪರೇಷನ್ ಆದ ಮೂರನೆಯ ಬೆಳಿಗ್ಗೆ ಕನ್ನಡಕ ಹಾಕಿಕೊಳ್ಳಲು ಹೋದೆ. ಕೈ ಹಾಸಿಗೆ ಬಿಟ್ಟು ಏಳಲಿಲ್ಲ. ಬೆರಳು ಮಡಚುತ್ತಿತ್ತು, ಮುಷ್ಟಿ ಬಿಗಿಯುತ್ತಿತ್ತು; ಭುಜ ಮಾತ್ರ ಇನ್ನೊಬ್ಬರದಂತೆ ಬಿದ್ದಿತ್ತು, ಮೊಣಕೈಯನ್ನೂ ಮಡಚಲಾಗಲಿಲ್ಲ. ಚಮಚ ಹಿಡಿಯಬಲ್ಲೆ, ಬಾಯಿಗೆ ತರಲಾರೆ. ಹಿರಿಯ ಡಾಕ್ಟರು ಬಂದು ಪರೀಕ್ಷಿಸಿ, "ನಾನು ಹೇಳಿದ್ದೆ, ನೆನಪಿದೆ ತಾನೆ?" ಎಂದು ಈ ಸಲ ಇಂಗ್ಲಿಷಿನಲ್ಲಿ ಕೇಳಿದರು. ನೆನಪಿದೆ ಎಂದು ಇಂಗ್ಲಿಷಿನಲ್ಲೇ ಹೇಳಿದೆ.

"ಏನಂತ ಮಗ?" ಅವ್ವ ಕೇಳಿದಳು.

"ಸರಿಯೋಯ್ತದಂತ ಅವ್ವ."

ಮಧ್ಯಾಹ್ನ ಒಬ್ಬ ಎಳೆಯ ಡಾಕ್ಟರು ಫೈಲು ತುಂಬಿಸಲು ಬಂದರು. ಅವರು ಕೇಳಿದ್ದು ಕನ್ನಡದಲ್ಲೇ. "ಮುಂಚೆ ಯಾರ ಹತ್ರಾನಾದ್ರೂ ಕುತ್ತಿಗೆ ತಿರುಗಿಸ್ಕೊಂಡಿದ್ರಾ, ತುಳಿಸ್ಕೊಂಡಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಎಂದಳು: "ನಮ್ಮಕ್ಕ ಸಾ. ಸಂಕ್ರಾಂತಿಲಿ ಕಾಲಲ್ಲಿ ನೀವುದ್ಲು."

"ಅಯ್ಯೋ, ಹಾಗೆಲ್ಲ ಮಾಡಿಸ್ಬಾರ್ದಮ್ಮ" ಎಂದು ಅವರು ಏನೋ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದರು. ಅವರು ಹೇಳಿದ್ದು ಸರಿಯಾದ ಮಾತೇ. ಕುತ್ತಿಗೆಯನ್ನು ಯಾರ ಕಾಲಿಗೂ ಕೈಗೂ ಕೊಡಬೇಡಿ ಎಂದು ನಾನೂ ಹೇಳುತ್ತೇನೆ. ಆದರೆ ಅವ್ವ ಕೇಳಿಸಿಕೊಂಡದ್ದು ಬೇರೆ. ಮಂಚದ ಕಂಬಿ ಹಿಡಿದು ನಿಂತಳು.

"ಅವಳೇ ಕಣ್ ಮಗ. ಅವಳ ಕಾಲೇ ನಿನ್ ಕೈ ತಿಂದದ್ದು."

ನನ್ನ ಕುತ್ತಿಗೆಗೆ ಪಟ್ಟಿ ಕಟ್ಟಿದ್ದರು, ತಲೆ ಅಲ್ಲಾಡಿಸುವಂತಿರಲಿಲ್ಲ. ಬಾಯಿಗೆ ಪಟ್ಟಿ ಇರಲಿಲ್ಲ.

ಆ ವಾರ್ಡಿನಲ್ಲಿ ನನಗೆ ಒಂದು ಉಪಕಾರವಾಯಿತು. ಪಕ್ಕದ ಹಾಸಿಗೆಯಲ್ಲಿದ್ದ ಹೆಂಗಸಿನ ಆರೈಕೆಗೆ ಗೋಪಿನಾಥಂನಿಂದ ಅವಳ ಅತ್ತಿಗೆ ಬಂದಿದ್ದಳು. ಅರ್ಧ ತಮಿಳು, ಅರ್ಧ ಕನ್ನಡ. ದಿನಾ ಬೆಳಿಗ್ಗೆ ಅವ್ವ ಬಿಸಿನೀರಿಗೆ ಹೋದಾಗ ಬಂದು ನನ್ನ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಮೂಗಿನ ಮೇಲೆ ಕೂರಿಸುತ್ತಿದ್ದಳು. "ಇಪ್ಪೊ ತೆರಿಯುತಾ ಕಣ್ಣು? ಕಾಣ್ತದಾ?" ಕಾಣುತ್ತದೆ ಎನ್ನುತ್ತಿದ್ದೆ. ಏನಾಯಿತು, ಯಾಕಾಯಿತು ಎಂದು ಒಂದು ಸಲವೂ ಕೇಳಲಿಲ್ಲ. ಇಂಥ ಆಪರೇಷನ್ ಆಗಿ ಕೈ ಏಳದೆ ಮಲಗಿರುವವರು ಇದನ್ನು ಓದುತ್ತಿದ್ದರೆ, ನಿಮಗೂ ಅಂಥ ಒಬ್ಬರು ಸಿಗಲಿ.

ಊರಿಗೆ ಬಂದ ನಾಲ್ಕನೆಯ ದಿನ ದೊಡ್ಡವ್ವ ಬಂದಳು. ಕೋಣೆಯಲ್ಲಿ ಮಲಗಿದ್ದ ನನಗೆ ಅವಳ ದನಿ ಬಾಗಿಲಿನಿಂದ ಕೇಳಿಸಿತು.

"ಕೂಸ ನೋಡ್ಕಂಡು ಓಯ್ತೀನಿ ಕನವ್ವ. ರಾಗಿ ಉರಿಟ್ಟು ತಂದಿವ್ನಿ."

"ನೋಡಿದ್ದು ಸಾಕು. ನಿನ್ ಕಾಲು ಈ ಮನ ಒಳಿಕ ಬರದು ಬ್ಯಾಡ."

"ನಾನೇನ್ ಮಾಡ್ದೆ?"

"ಡಾಕ್ಟ್ರೇ ಯೋಳುದ್ರು, ಕೇಳ್ಕ ಓಗು."

ಬಾಗಿಲು ಮುಚ್ಚಿದ ಸದ್ದಾಯಿತು. ಹಾಸಿಗೆಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಆಗ ನಾನು ನಡೆಯುತ್ತಿದ್ದೆ. ಎದ್ದು ಹೋಗಲಿಲ್ಲ. ಹುರಿಹಿಟ್ಟಿನ ಡಬ್ಬಿ ಎರಡು ದಿನ ಜಗುಲಿಯ ಮೇಲೇ ಇತ್ತು.

ಆ ಮೇಲಿನ ತಿಂಗಳುಗಳಲ್ಲಿ ನನಗೆ ನಾಚಿಕೆಯ ಸಂಗತಿಗಳು ಬೇರೆ ಬೇರೆ ಇದ್ದವು. ಮೂವತ್ತೊಂದು ವರ್ಷದ ನನ್ನ ತಲೆ ಬಾಚಿ ಜಡೆ ಹಾಕುವವಳು ಅವ್ವ. ಬೆನ್ನಿಗೆ ಸೋಪು ಹಚ್ಚುವವಳು ಅವ್ವ. ಬಸ್ಸಿನ ಮೇಲಿನ ಕಂಬಿ ಹಿಡಿಯಲಾರದೆ ಸೀಟಿನ ಹಿಡಿಕೆಗೆ ಬಾಗಿ ನಿಲ್ಲುವಾಗ ಯಾರಾದರೂ ಎದ್ದು ಜಾಗ ಕೊಟ್ಟರೆ ಮೈ ಹಿಡಿಯಾಗುತ್ತಿತ್ತು. ಇವೆಲ್ಲ ದಿನ ಕಳೆದಂತೆ ಸವೆದವು. ಕೊಳ್ಳೇಗಾಲದಲ್ಲಿ ಫಿಸಿಯೋಥೆರಪಿ ಮಾಡಿಸುತ್ತಿದ್ದ ಹೆಂಗಸು ಗೋಡೆಯ ಮೇಲೆ ಬೆರಳು ನಡೆಸುವುದನ್ನು ಕಲಿಸಿದರು. ಬಚ್ಚಲುಮನೆಯ ಗೋಡೆಗೆ ಗೀಟು ಬೀಳತೊಡಗಿದವು. ನಾಲ್ಕನೆಯ ತಿಂಗಳು ಚಮಚ ಬಾಯಿಗೆ ಬಂತು. ಒಂದೇ ಒಂದು ನಾಚಿಕೆ ಸವೆಯಲಿಲ್ಲ. ದೊಡ್ಡವ್ವನ ಜಗುಲಿ ಖಾಲಿಯಾಗಿದೆ ಎಂದು ಕೇಳಿದೆ. ಅವಳ ಕಾಲಿನಿಂದ ತಂಗಿಯ ಮಗಳ ಕೈ ಹೋಯಿತು ಎಂಬುದು ಅಗರದಿಂದ ಯಳಂದೂರಿನವರೆಗೆ ಎಲ್ಲರಿಗೂ ಗೊತ್ತಿತ್ತು. ಮೊದಲ ದಿನ ಹೇಳದೇ ಇದ್ದದ್ದನ್ನು ನೂರನೆಯ ದಿನ ಹೇಳುವುದು ಹೇಗೆ ಎಂದು ಯೋಚಿಸುತ್ತಿದ್ದೆ. ನೂರು ಹೋಗಿ ಇನ್ನೂರಾಯಿತು.

ಅವರೆಕಾಯಿ ಬರುವ ಕಾಲಕ್ಕೆ ನನ್ನ ಕೈ, ಗೋಡೆಯ ಆಸರೆಯಿಲ್ಲದೆಯೇ, ಕಿವಿಯ ಮಟ್ಟಕ್ಕೆ ಏಳುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ರಾಜಣ್ಣ ಸೊಂಟಕ್ಕೆ ಕೈ ಕೊಟ್ಟುಕೊಂಡು ನಮ್ಮ ಜಗುಲಿಗೆ ಬಂದ. ಕಬ್ಬಿನ ಹೊರೆ ಎತ್ತುವಾಗ ಹಿಡಿದುಕೊಂಡಿತ್ತು.

"ಚಿಕ್ಕವ್ವ, ಅಗರದ ಮಾದೇವವ್ವನ ತಾವ್ಕ ಓಗಿ ಒಂದ್ಸಲ ನೀವುಸ್ಕ ಬರನಾ ಅಂತ ಇವ್ನಿ. ಏನಂದೀಯೆ?"

"ಓಗಪ್ಪ, ಓಗಿ ನನ್ ಮಗಳಂಗ ಆಗು" ಎಂದಳು ಅವ್ವ. "ತೋರ್ಸು ಮಗ, ಕೈಯ. ಅವನೂ ನೋಡ್ಲಿ."

ನಾನು ಕೈ ಎತ್ತಿದೆ. ಎದೆಯ ಮಟ್ಟಕ್ಕೆ ತಂದು ನಿಲ್ಲಿಸಿದೆ. ಅಲ್ಲಿಂದ ಕೆಳಕ್ಕೆ ಬಿಟ್ಟೆ. ಕೈ ನಡುಗಿದ್ದು ನಿಜ. ನಿಲ್ಲಿಸಿದ್ದು ನಾನು.

"ಅಬ್ಬಬ್ಬಾ, ಬ್ಯಾಡ ಬುಡವ್ವ" ಎಂದು ರಾಜಣ್ಣ ಕೊಳ್ಳೇಗಾಲದ ಆಸ್ಪತ್ರೆಗೆ ಹೋದ. ಅದು ಅವನಿಗೆ ಒಳ್ಳೆಯದೇ ಆಯಿತು. ಅದರಿಂದ ನಾನು ಮಾಡಿದ್ದು ಸಣ್ಣದಾಗಲಿಲ್ಲ. ಅಲ್ಲಿಯವರೆಗೆ ನಾನು ಬರೀ ಸುಮ್ಮನಿದ್ದೆ. ಆ ಮಧ್ಯಾಹ್ನ ಅವಳ ವಿರುದ್ಧ ಸಾಕ್ಷಿ ಹೇಳಿದೆ, ಬಾಯಿ ತೆರೆಯದೆ.

ಸಂಜೆ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಮೊರದ ಎದುರು ಕೂತು ಹೇಳಿದೆ. ಬೋರ್ಡಿನ ಒಂದೂವರೆ ಅಡಿ, ಡಾಕ್ಟರು ಹೇಳಿದ ಮೂರು ಕಾರಣ, ಸಹಿ, ಎಲ್ಲವನ್ನೂ ಬಂದ ವರಸೆಯಲ್ಲೇ ಹೇಳಿದೆ. ಕಡೆಗೆ ಕೈಯನ್ನು ಕಿವಿಯವರೆಗೆ ಎತ್ತಿ ತೋರಿಸಿದೆ.

ಅವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕೇಳಿದ್ದು ಒಂದೇ.

"ಟೀ ತಕಂಡು ಬಾ ಅಂತ ಕಳ್ಸಿದ್ದು ಅದ್ಕೇನಾ?"

"ಊಂ."

"ಬಿಸಿ ಆರೋಯ್ತದ ಅಂತ ಓಡ್ಕಂಡು ಬಂದೆ ಕಣ್ ಮಗ ನಾನು. ಮೆಟ್ಲು ಮೇಲ ಟೀ ಚೆಲ್ಲಿ ಕಾಲು ಸುಡ್ಕಂಡು."

ಆಮೇಲೆ ಮೊರ ತೆಗೆದಿಟ್ಟು, "ನಂಗಂತೂ ಅಕ್ಕನ ಮುಂದ ನಿಲ್ಲ ಮೊಕ ಇಲ್ಲ. ನೀನೇ ಓಗು" ಎಂದು ಒಳಗೆ ಹೋದಳು. ಆ ಸಂಜೆ ನನ್ನ ಜಡೆ ಹಾಕಲಿಲ್ಲ.

ಮಾರನೆಯ ಬೆಳಿಗ್ಗೆ ಕಾಲೇಜಿಗೆ ರಜೆ ಹೇಳಿ, ಬಿಚ್ಚುಗೂದಲನ್ನು ಒಂದು ಕ್ಲಿಪ್ಪಿನಲ್ಲಿ ಸಿಕ್ಕಿಸಿಕೊಂಡು ಅಗರಕ್ಕೆ ಹೋದೆ. ದೊಡ್ಡವ್ವ ಜಗುಲಿಯ ಮೇಲೆ ಒಬ್ಬಳೇ ಕೂತಿದ್ದಳು, ಎರಡು ಕಾಲನ್ನೂ ಸೀರೆಯೊಳಗೆ ಮಡಚಿಕೊಂಡು. ಎದುರಿನ ನೀರಿನ ತೊಂಬೆಯ ಹತ್ತಿರ ಐದಾರು ಹೆಂಗಸರು ಬಿಂದಿಗೆ ಇಟ್ಟುಕೊಂಡು ನಿಂತಿದ್ದರು.

"ಏನ್ ಮೇಡಮ್ಮೋರು, ದಾರಿ ತಪ್ಪುಸ್ಕಂಡ್ರಾ?"

ನಾನು ಅದೇ ಮೆಟ್ಟಿಲ ಮೇಲೆ, ಈ ಸಲ ಅವಳ ಕಡೆಗೆ ಮುಖ ಮಾಡಿ ಕೂತು ಹೇಳಿದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿತ್ತು.

"ನಾನೂ ನಂದೇ ತಪ್ಪು ಇದ್ರೂ ಇರ್ಬೋದು ಅನ್ಕಂಡಿದ್ದೆ ಕಣ್ ಮಗ" ಎಂದಳು. "ದಿನಾ ನೀರ್ ಉಯ್ಕಬೇಕಾದ್ರ ಈ ಎಬ್ಬೆಟ್ಟ ನೋಡ್ತಿದ್ದೆ. ಅಷ್ಟ್ ಜೋರಾಗಿ ಒತ್ಬುಟ್ನಾ ಅಂತ. ಬಂದೋರ್ನೆಲ್ಲ ನಾನೇ ಓಗ್ರಪ್ಪ ಅಂತ ಕಳುಸ್ಬುಟ್ಟೆ."

"ನೀನು ಒತ್ತಲೇ ಇಲ್ಲ ದೊಡ್ಡವ್ವ."

"ಅದ ನೀನು ಆಗ್ಲೇ ಯೋಳ್ಬೇಕಿತ್ತು."

"ಯೋಳ್ಬೇಕಿತ್ತು."

ತೊಂಬೆಯ ಕಡೆಯಿಂದ ಒಬ್ಬಳು ಕೂಗಿದಳು: "ಯಾರ್ ಮಾದೇವವ್ವ ಅದು, ನಿನ್ ತಂಗಿ ಮಗಳಾ? ಕೈ ಓದೋಳು?"

ದೊಡ್ಡವ್ವ ನನಗೆ ಹೇಳಿದಳು: "ಕೇಳ್ತಾವ್ರ. ಯೋಳು. ನಂಗ ಯೋಳ್ದಂಗ ಮೆತ್ತಗ ಬ್ಯಾಡ. ಕ್ಲಾಸಲ್ಲೂ ಇಂಗೇನಾ ನೀನು ಪಾಠ ಮಾಡದು?"

ಎದ್ದು ಬೀದಿಗೆ ಇಳಿದೆ. ಎಂಬತ್ತು ಮಕ್ಕಳ ಮುಂದೆ ನಿಲ್ಲುವ ದನಿ ಮೊದಲ ವಾಕ್ಯಕ್ಕೆ ಬರಲಿಲ್ಲ, ಎರಡನೆಯದಕ್ಕೆ ಬಂತು. ನನ್ನ ಕೈ ದೊಡ್ಡವ್ವ ಮುಟ್ಟುವ ಮೊದಲೇ, ದಸರೆಯಲ್ಲೇ ಸೋತಿತ್ತು ಎಂದೆ. ಆಪರೇಷನ್ ಆದರೆ ಹೀಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಅವ್ವನನ್ನು ಹೊರಗೆ ಕಳಿಸಿ ನಾನೊಬ್ಬಳೇ ಕೇಳಿಸಿಕೊಂಡು ಸಹಿ ಮಾಡಿದ್ದೆ, ಇಷ್ಟು ದಿನ ಸುಮ್ಮನಿದ್ದೆ ಎಂದೆ. ತುಂಬಿದ ಬಿಂದಿಗೆಯಿಂದ ನೀರು ಹೊರಗೆ ಹರಿಯುತ್ತಿತ್ತು, ಯಾರೂ ನಲ್ಲಿ ನಿಲ್ಲಿಸಲಿಲ್ಲ.

"ಈಗ ಕೈ ಎಂಗದ?" ಎಂದು ಅವರಲ್ಲೊಬ್ಬಳು ಕೇಳಿದಳು.

ಎತ್ತಿದೆ. ಎದೆ ದಾಟಿತು, ಭುಜ ದಾಟಿತು, ಕಿವಿಯ ಹತ್ತಿರ ಬಂದು ನಿಂತಿತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಎಲ್ಲರೂ ನೋಡುವವರೆಗೆ ಅಲ್ಲೇ ಹಿಡಿದುಕೊಂಡಿದ್ದೆ.